ಮುರಿದ ತಡಮೆಯನ್ನು ಮತ್ತೆ ತಡಮೆಯಾಗಿಯೇ ಕಟ್ಟಬೇಕೆ?

ಮಾನ್ಯ ಸಂಪಾದಕರೆ,

ಇಂಗ್ಲೆಂಡಿನ ಹಳ್ಳಿಗಾಡಿನ ಕಾಲುದಾರಿಗಳಲ್ಲಿ ಮುರಿದ ತಡಮೆಗಳನ್ನು ಸ್ವಯಂಸೇವಕರು ದುರಸ್ತಿ ಮಾಡುತ್ತಿರುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಮೆಚ್ಚುಗೆಯ ಬರಹವನ್ನು ಓದಿದೆ. (ದನಕರು ದಾಟದಂತೆ, ಮನುಷ್ಯರು ಮಾತ್ರ ಹತ್ತಿಳಿಯುವಂತೆ ಬೇಲಿಗೆ ಕೂಡಿಸುವ ಮೆಟ್ಟಿಲಿಗೆ ನಮ್ಮಲ್ಲಿ ತಡಮೆ ಎಂಬ ಪದ ಇರುವಾಗ ಬೇರೆ ಪದ ಹುಡುಕಬೇಕಿಲ್ಲ.) ಕೆಲವು ಕಾಲ ಅಲ್ಲಿದ್ದು, ಅಂತಹ ತಂಡವೊಂದರೊಡನೆ ಗುದ್ದಲಿ ಹಿಡಿದವನಾಗಿ ಆ ಮೆಚ್ಚುಗೆಯನ್ನು ಒಪ್ಪುತ್ತೇನೆ. ಆದರೆ ಆ ಬರಹದಲ್ಲಿ ಎರಡು ಸಂಗತಿಗಳು ಬಿಟ್ಟುಹೋಗಿವೆ.

ಮೊದಲನೆಯದು, ಈ ಕೆಲಸ ಕಾನೂನಿನ ಪ್ರಕಾರ ಸ್ವಯಂಸೇವಕರದ್ದಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 1980ರ ಹೆದ್ದಾರಿ ಕಾಯ್ದೆಯ (ಅಲ್ಲಿನ ಕಾನೂನಿಗೆ ಸಾರ್ವಜನಿಕ ಕಾಲುದಾರಿಯೂ ಹೆದ್ದಾರಿಯೇ) 146ನೇ ಕಲಮಿನಂತೆ, ಸಾರ್ವಜನಿಕ ಕಾಲುದಾರಿಗೆ ಅಡ್ಡಲಾಗಿರುವ ತಡಮೆಯನ್ನೂ ಗೇಟನ್ನೂ ಸುರಕ್ಷಿತ ಸ್ಥಿತಿಯಲ್ಲಿ ಇಡಬೇಕಾದವನು ಜಮೀನಿನ ಮಾಲೀಕ. ಅದಕ್ಕೆ ತಗಲುವ ಯುಕ್ತ ವೆಚ್ಚದಲ್ಲಿ ಕನಿಷ್ಠ ಕಾಲು ಭಾಗವನ್ನು ಸ್ಥಳೀಯ ಹೆದ್ದಾರಿ ಪ್ರಾಧಿಕಾರ ಕೊಡಬೇಕು. ಮಾಲೀಕ ಸುಮ್ಮನಿದ್ದರೆ ನೋಟಿಸು ಕೊಟ್ಟು, ತಾನೇ ಮಾಡಿಸಿ, ಖರ್ಚು ವಸೂಲು ಮಾಡುವ ಅಧಿಕಾರವೂ ಪ್ರಾಧಿಕಾರಕ್ಕಿದೆ. ಸ್ವಯಂಸೇವಕರು ಮಾಲೀಕನ ಒಪ್ಪಿಗೆ ಪಡೆದು ನೆರವಾಗುವುದು ಒಳ್ಳೆಯದೇ, ಆದರೆ ಅವರ ಬಿಟ್ಟಿ ದುಡಿಮೆಯನ್ನೇ ನೆಚ್ಚಿಕೊಂಡು ಹೊಣೆಗಾರರಿಬ್ಬರೂ ಕೈಕಟ್ಟಿ ಕೂರುವಂತಾಗಬಾರದು.

ಎರಡನೆಯದೇ ನನಗೆ ಹೆಚ್ಚು ಮುಖ್ಯವಾದದ್ದು. ನಮ್ಮ ತಂಡ ಒಮ್ಮೆ ಇಡೀ ಬೆಳಗು ಒಂದು ತಡಮೆಗೆ ದುಡಿಯಿತು. ಮರದ ಕಂಬ ಸಾಮಾನ್ಯವಾಗಿ ಕೊಳೆಯುವುದು ತೇವವೂ ಗಾಳಿಯೂ ಕೂಡುವ ನೆಲಮಟ್ಟದಲ್ಲಿ. ಮೇಲೆ ಗಟ್ಟಿಯಾಗಿ ಕಂಡರೂ ಕೈಯಿಟ್ಟು ಅಲುಗಿಸಿದಾಗ ಬಣ್ಣ ಬಯಲಾಗುತ್ತದೆ. ಹಳೆಯ ಕಂಬ ಕಿತ್ತು, ಹೊಸದನ್ನು ನೆಟ್ಟು, ಮಣ್ಣನ್ನು ಪದರಪದರವಾಗಿ ಹಾರೆಯಿಂದ ದಮ್ಮಸ್ಸು ಮಾಡಿ, ಮೆಟ್ಟುಹಲಗೆ ಕೂಡಿಸಿ, ಜಾರದಂತೆ ಅದರ ಮೇಲೆ ಬಲೆತಂತಿ ಬಡಿದು ದೂರ ಸರಿದು ನೋಡಿದರೆ, ಆಚೀಚೆ ಎರಡೂ ಕಡೆ ಗೋಧಿಯ ಹೊಲ. ದನವೂ ಇಲ್ಲ, ಕುರಿಯೂ ಇಲ್ಲ. ಬೇಲಿಯೂ ಸ್ವಲ್ಪ ದೂರದಲ್ಲಿ ಮಲಗಿತ್ತು. ಯಾರನ್ನೂ ತಡೆಯಬೇಕಿಲ್ಲದ ಕಡೆ ತಡಮೆಯೊಂದನ್ನು ಅಚ್ಚುಕಟ್ಟಾಗಿ ನಿಲ್ಲಿಸಿ ಬಂದಿದ್ದೆವು!

ಅದೇ ಕಾಯ್ದೆಯ 147ನೇ ಕಲಮು ಕಾಲುದಾರಿಯಲ್ಲಿ ಹೊಸ ತಡಮೆಗೆ ಅನುಮತಿ ಕೊಡಲು ಅವಕಾಶ ನೀಡುವುದು ಜಾನುವಾರುಗಳು ಒಳಹೊರಗೆ ಹೋಗದಂತೆ ತಡೆಯಲಿಕ್ಕೆ. ನಡೆದಾಡಲು ಕಷ್ಟವಿರುವವರ ಅಗತ್ಯವನ್ನು ಗಮನದಲ್ಲಿಡಬೇಕೆಂದೂ ಕಾನೂನು ಹೇಳುತ್ತದೆ. ಕಾಲುದಾರಿಯ ತಡೆಗಳಿಗೆ ಸಂಬಂಧಿಸಿದ ಬಿಎಸ್ 5709 ಎಂಬ ಬ್ರಿಟಿಷ್ ಮಾನದಂಡದ ತತ್ವವೂ ಇದೇ: ಸಾಧ್ಯವಿದ್ದರೆ ಬರಿಯ ತೆರಪು ಸಾಕು, ಆಗದಿದ್ದರೆ ಗೇಟು, ಅದೂ ಆಗದಿದ್ದರೆ ಒಬ್ಬೊಬ್ಬರೇ ನುಸುಳಿ ದಾಟುವ ತೂಗುಗೇಟು. ಮಂಡಿನೋವಿನ ಮುದುಕರಿಗೆ, ಕೂಸನ್ನು ಎತ್ತಿಕೊಂಡವರಿಗೆ, ಗಾಲಿಕುರ್ಚಿಯಲ್ಲಿ ಬರುವವರಿಗೆ ಹೊಸದಾಗಿ ದುರಸ್ತಿಯಾದ ತಡಮೆಯೂ ಮುರಿದ ತಡಮೆಯಷ್ಟೇ ದೊಡ್ಡ ಅಡ್ಡಿ. ಲಂಡನ್ನಿನ ವಾಯವ್ಯಕ್ಕಿರುವ ಚಿಲ್ಟರ್ನ್ ಗುಡ್ಡಗಳ ಸೀಮೆಯಲ್ಲಿ ಚಿಲ್ಟರ್ನ್ ಸೊಸೈಟಿ ಎಂಬ ಸೇವಾಸಂಸ್ಥೆಯವರು ದಾನಿಗಳಿಂದ ಹಣ ಪಡೆದು ತಡಮೆಗಳ ಜಾಗದಲ್ಲಿ ಗೇಟುಗಳನ್ನು ಕೂಡಿಸುತ್ತಿರುವುದು ಇದೇ ಕಾರಣಕ್ಕೆ.

ಎಲ್ಲ ತಡಮೆಗಳನ್ನೂ ಕಿತ್ತೆಸೆಯಿರಿ ಎನ್ನುತ್ತಿಲ್ಲ. ಉತ್ತರ ಇಂಗ್ಲೆಂಡಿನ ಕಣಿವೆಸೀಮೆಯಾದ ಯಾರ್ಕ್‌ಷೈರ್ ಡೇಲ್ಸ್‌ನ ಗಾರೆಯಿಲ್ಲದ ಕಲ್ಲುಗೋಡೆಗಳಿಂದ ಮೆಟ್ಟಿಲಿನಂತೆ ಹೊರಚಾಚಿದ ಚಪ್ಪಡಿಗಳನ್ನೂ, ಎರಡು ನಿಲುಗಲ್ಲುಗಳ ನಡುವೆ ಮೈ ಓರೆ ಮಾಡಿ ತೂರಬೇಕಾದ ಕಿಂಡಿಗಳನ್ನೂ ಹಾಗೆಯೇ ಉಳಿಸಬೇಕು. ಅವು ಆ ಗೋಡೆಗಳ ಅಂಗವೇ ಆಗಿಹೋಗಿವೆ. ನನ್ನ ಮಾತು ಏನಿದ್ದರೂ ಕೊಳೆತುಬಿದ್ದ ಮರದ ತಡಮೆಗಳನ್ನು ಕುರಿತದ್ದು. ಹೊಸ ಕಂಬಕ್ಕೆ ಗುಂಡಿ ತೋಡುವ ಮೊದಲು, ಈ ಹೊಲದಲ್ಲಿ ಈಗಲೂ ಜಾನುವಾರು ಮೇಯುತ್ತವೆಯೇ, ಇಲ್ಲಿ ಗೇಟು ಹಾಕಲು ಒಪ್ಪುವಿರಾ ಎಂದು ಮಾಲೀಕನನ್ನು ತಂಡದವರು ಕೇಳಲಿ. ಒಪ್ಪಿದರೆ ಅದೇ ಗುಂಡಿಯಲ್ಲಿ ಗೇಟಿನ ಕಂಬ ನೆಡಬಹುದು.

ಇತಿ,
ಓದುಗರಲ್ಲೊಬ್ಬ