ವಾಪಸ್ ಬರುವ ದಾರಿ ಹೇಳುವ ಪುಸ್ತಕ

ಮೈಸೂರು

ಪ್ರೀತಿಯ ಪುಟ್ಟಿ,

ನಿನ್ನ ಅಮ್ಮ ನಿನ್ನೆ ಫೋನ್ ಮಾಡಿದ್ದಳು. ಅಕ್ಟೋಬರಿನಲ್ಲಿ ನೀವಿಬ್ಬರೂ ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೊರಟಿದ್ದೀರಿ ಅಂತ ಹೇಳುವಾಗ ಅವಳ ದನಿ ಚಿಕ್ಕ ಹುಡುಗಿಯ ದನಿಯ ಹಾಗಿತ್ತು. ಪಾಸ್‌ಪೋರ್ಟ್ ಮಾಡಿಸಿ ಆರು ವರ್ಷ ಬೀರುವಿನಲ್ಲೇ ಇಟ್ಟಿದ್ದಳು. ಈಗಲಾದರೂ ಅದು ಹೊರಗೆ ಬಂತಲ್ಲ, ನನಗೆ ತುಂಬಾ ಸಂತೋಷವಾಯಿತು.

ನೀನು ಪುಸ್ತಕದಂಗಡಿಯಿಂದ ನಾಲ್ಕು ಗೈಡ್ ಪುಸ್ತಕಗಳ ಫೋಟೊ ಕಳಿಸಿ, ‘ಯಾವುದು ತಗೊಳ್ಳಲಿ ದೊಡ್ಡಮ್ಮ?’ ಅಂತ ಕೇಳಿದ್ದೀಯ. ರಟ್ಟು ನೋಡಿ ಹೇಳುವ ಮಾತಲ್ಲ ಅದು. ಲೈಬ್ರರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು ನಾನು. ಪುಸ್ತಕವನ್ನು ಒಳಗಿನಿಂದ ನೋಡುವುದು ಹೇಗೆ ಅಂತ ಹೇಳುತ್ತೇನೆ, ಆಮೇಲೆ ನೀನೇ ಆರಿಸು.

ಮೊದಲು ನಮಗೆ ಆದದ್ದನ್ನು ಕೇಳು. 2012ರ ಸೆಪ್ಟೆಂಬರಿನಲ್ಲಿ ನಾನೂ ನಿನ್ನ ದೊಡ್ಡಪ್ಪನೂ ಕ್ರೀಟ್‌ಗೆ ಹೋದಾಗ ಕೈಯಲ್ಲಿ ಇದ್ದದ್ದು ಇಡೀ ಗ್ರೀಸ್ ದೇಶದ ಒಂದು ದಪ್ಪ ಪುಸ್ತಕ. ಅದರಲ್ಲಿ ಕ್ರೀಟ್‌ಗೆ ಸಿಕ್ಕಿದ್ದು ಕೆಲವೇ ಪುಟ. ಸಮರಿಯಾ ಕಣಿವೆಯನ್ನು ನೋಡಲೇಬೇಕು, ಒಮಾಲೊಸ್ ಎಂಬ ಬೆಟ್ಟದ ಮೇಲಿನ ಬಯಲಿನಿಂದ ಸಮುದ್ರದ ತನಕ 16 ಕಿ.ಮೀ. ಇಳಿಯಬೇಕು, ಕೊನೆಯಲ್ಲಿ ಅಯಿಯಾ ರೂಮೆಲಿ ಅನ್ನುವ ಹಳ್ಳಿ, ಅಲ್ಲಿ ಊಟ ಸಿಗುತ್ತದೆ ಅಂತ ಬರೆದಿತ್ತು. ಬೆಳಗಿನ ಬಸ್ಸಿಗೆ ಹೋಗುವ ಟಿಕೆಟ್ ಮಾತ್ರ ತೆಗೆಸಿ ಹೊರಟೆವು. 1,200 ಮೀಟರ್ ಎತ್ತರದಿಂದ ಇಳಿಯುವುದು ಅಂದರೆ ಸುಮ್ನೆ ಅಲ್ಲ. ನಿನ್ನ ದೊಡ್ಡಪ್ಪ ಕಲ್ಲು ಕಂಡಲ್ಲೆಲ್ಲ ಕೂತು ಕಾಲು ಒತ್ತಿಕೊಳ್ಳುತ್ತಿದ್ದರು. ಕೆಳಗೆ ತಲುಪಿದಾಗ ಸಂಜೆ ಆರು ಗಂಟೆ.

ಆ ಹಳ್ಳಿಗೆ ಮೋಟಾರು ರಸ್ತೆಯೇ ಇಲ್ಲ, ಪುಟ್ಟಿ. ಹೊರಗೆ ಬರಲು ದೋಣಿಯೇ ಗತಿ. ಕೊನೆಯ ದೋಣಿ ಆಗಲೇ ಹೊರಟುಹೋಗಿತ್ತು. ಪುಸ್ತಕದಲ್ಲಿ ಇದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ದೊಡ್ಡಪ್ಪನ ಬಿ.ಪಿ. ಮಾತ್ರೆ ಹನ್ಯಾ ಪಟ್ಟಣದ ಕೋಣೆಯಲ್ಲಿತ್ತು. ಒಬ್ಬ ಅಜ್ಜಿ ರೂಮು ಕೊಟ್ಟರು. ಮಲೊತಿರಾ ಅಂತ ಬೆಟ್ಟದಲ್ಲಿ ಬೆಳೆಯುವ ಒಂದು ಗಿಡವಿದೆ, ಅದರ ಕಷಾಯ ಕಾಸಿಕೊಟ್ಟರು. ದೊಡ್ಡಪ್ಪ ಮಲಗಿದರು. ನಾನು ರಾತ್ರಿಯೆಲ್ಲ ಅವರ ಕೈ ಹಿಡಿದುಕೊಂಡು ಕೂತಿದ್ದೆ. ಬೆಳಿಗ್ಗೆ ಮೊದಲ ದೋಣಿಗೆ ಬಂದೆವು, ಏನೂ ಆಗಲಿಲ್ಲ. ಆದರೆ ಆ ರಾತ್ರಿ ನಾನು ಮರೆತಿಲ್ಲ.

ಹೋಗುವ ದಾರಿಯನ್ನು ಎಲ್ಲ ಪುಸ್ತಕವೂ ಹೇಳುತ್ತದೆ. ವಾಪಸ್ ಬರುವ ದಾರಿ ಹೇಳುವುದನ್ನು ನೀನು ಆರಿಸಬೇಕು. ಅಂಗಡಿಯಲ್ಲಿ ನಿಂತೇ ಸಮರಿಯಾದ ಪುಟ ತೆಗೆ. ಅಯಿಯಾ ರೂಮೆಲಿಯಿಂದ ದೋಣಿ ಸೂಯಾ ಕಡೆಗೋ ಹೋರಾ ಸ್ಫಾಕಿಯೊನ್ ಕಡೆಗೋ ಹೋಗುತ್ತದೆ, ಅಲ್ಲಿಂದ ಹನ್ಯಾಕ್ಕೆ ಬಸ್ಸು ಹಿಡಿಯಬೇಕು ಅಂತ ಇದೆಯಾ? ಜೋರು ಗಾಳಿ ಎದ್ದರೆ ದೋಣಿ ಬಿಡುವುದಿಲ್ಲ ಅಂತ ಇದೆಯಾ? ಕಣಿವೆ ಸಾಮಾನ್ಯವಾಗಿ ಮೇ ತಿಂಗಳಿನಿಂದ ಅಕ್ಟೋಬರ್ ತನಕ ಮಾತ್ರ ತೆರೆದಿರುತ್ತದೆ, ಮಳೆ ಬಂದರೆ ಆ ದಿನ ಮುಚ್ಚುತ್ತಾರೆ ಅಂತ ಇದೆಯಾ? ನೀವು ಹೋಗುವುದು ಅಕ್ಟೋಬರಿನಲ್ಲಿ, ಹಾಗಾಗಿ ಇದು ನಿಮಗೆ ಇನ್ನೂ ಮುಖ್ಯ.

ಇನ್ನೊಂದು ಇದೆ. ನಿನ್ನ ಅಮ್ಮನ ಮಂಡಿಗೆ 16 ಕಿ.ಮೀ. ಸಾಧ್ಯವೇ ಇಲ್ಲ. ಹಾಗಂತ ಅವಳು ಆ ಕಣಿವೆ ನೋಡದೆ ಬರಬೇಕಿಲ್ಲ. ಹೋರಾ ಸ್ಫಾಕಿಯೊನ್‌ನಿಂದ ದೋಣಿಯಲ್ಲಿ ಅಯಿಯಾ ರೂಮೆಲಿಗೆ ಹೋಗಿ, ಕೆಳಗಿನಿಂದಲೇ ಅವಳಿಗೆ ಆಗುವಷ್ಟು ದೂರ ನಡೆದು ತಿರುಗಿ ಬರಬಹುದು. ಕಣಿವೆ ತೀರಾ ಕಿರಿದಾಗುವ ಜಾಗ ಆ ಕೆಳಗಿನ ತುದಿಯ ಹತ್ತಿರವೇ ಇದೆ. ಎರಡೂ ಕಡೆ ಆಕಾಶದ ತನಕ ಬಂಡೆ, ನಡುವೆ ಮೂರ್ನಾಲ್ಕು ಮೀಟರ್ ದಾರಿ. ಈ ಉಪಾಯವನ್ನು ಹೇಳಿರುವ ಪುಸ್ತಕ ವಯಸ್ಸಾದವರನ್ನೂ ಕರೆದುಕೊಂಡು ಓಡಾಡಿದವರು ಬರೆದದ್ದು ಅಂತ ತಿಳಿ. ಅಂಥದ್ದು ಸಿಕ್ಕರೆ ಅಲ್ಲೇ ದುಡ್ಡು ಕೊಡು.

ನೀನು ಕಳಿಸಿದ ನಾಲ್ಕರಲ್ಲಿ ಒಂದು ಇಡೀ ಗ್ರೀಸಿನದು, ಒಂದು ಮೆಡಿಟರೇನಿಯನ್ ದ್ವೀಪಗಳೆಲ್ಲದರದು. ಎರಡನ್ನೂ ಬಿಟ್ಟುಬಿಡು. ಕ್ರೀಟ್ ಸಣ್ಣ ದ್ವೀಪ ಅಲ್ಲ. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 260 ಕಿ.ಮೀ. ಉದ್ದ. ಅಲ್ಲಿನ ಪ್ಸಿಲೊರಿತಿಸ್ ಬೆಟ್ಟ 2,456 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ದ್ವೀಪದ ದೊಡ್ಡ ಪಟ್ಟಣ ಇರಾಕ್ಲಿಯೊದಿಂದ ಹನ್ಯಾಕ್ಕೆ ಉತ್ತರದ ಕರಾವಳಿ ರಸ್ತೆಯಲ್ಲಿ ಹೋಗುವುದು ಹೆಚ್ಚುಕಡಿಮೆ ಬೆಂಗಳೂರು–ಮೈಸೂರಿನಷ್ಟು ದೂರ, ಸಲೀಸು. ಬೆಟ್ಟ ದಾಟಿ ದಕ್ಷಿಣಕ್ಕೆ ಇಳಿಯುವ ರಸ್ತೆಗಳು ಹಾಗಲ್ಲ, ಬರೀ ತಿರುವು. ದೂರವನ್ನು ಕಿ.ಮೀ.ನಲ್ಲಿ ಮಾತ್ರ ಹೇಳುವ ಪುಸ್ತಕದಿಂದ ಅಲ್ಲಿ ಏನೂ ಗೊತ್ತಾಗುವುದಿಲ್ಲ. ಎಷ್ಟು ಗಂಟೆ ಹಿಡಿಯುತ್ತದೆ ಅಂತ ಹೇಳಬೇಕು.

ಉಳಿದ ಎರಡರಲ್ಲಿ ಯಾವುದು ಅಂತ ನೋಡಲು ನಾನು ಯಾವಾಗಲೂ ಮಾಡುವ ಒಂದು ಪರೀಕ್ಷೆ ಇದೆ. ಕ್ರೀಟ್ ನಿನಗೆ ಗೊತ್ತಿಲ್ಲ, ಬರೆದದ್ದು ಸರಿಯೋ ತಪ್ಪೋ ಹೇಗೆ ತಿಳಿಯಬೇಕು? ಅದೇ ಪ್ರಕಾಶಕರ ಭಾರತದ ಪುಸ್ತಕ ಅದೇ ಕಪಾಟಿನಲ್ಲಿ ಇರುತ್ತದೆ. ಹಂಪಿಯ ಪುಟ ತೆಗೆ. ಹಂಪಿ ನಿನಗೆ ಗೊತ್ತಲ್ವಾ? ರೈಲಿಳಿಯುವುದು ಹೊಸಪೇಟೆಯಲ್ಲಿ, ಅಲ್ಲಿಂದ ಇನ್ನೂ 13 ಕಿ.ಮೀ. ಇದೆ ಅಂತ ಬರೆದಿದ್ದಾರಾ ನೋಡು. ವಿರೂಪಾಕ್ಷ ಈಗಲೂ ಪೂಜೆ ನಡೆಯುವ ಗುಡಿ, ವಿಜಯ ವಿಠ್ಠಲ ಹಾಗಲ್ಲ, ಈ ವ್ಯತ್ಯಾಸ ಅವರಿಗೆ ಗೊತ್ತಾ? ಮಧ್ಯಾಹ್ನ ಆ ಬಂಡೆಗಳ ನಡುವೆ ಬಿಸಿಲು ಹೇಗೆ ಸುಡುತ್ತದೆ ಅಂತ ಎಚ್ಚರಿಸಿದ್ದಾರಾ? ತುಂಗಭದ್ರೆ ತುಂಬಿ ಹರಿಯುವಾಗ ಆನೆಗೊಂದಿಗೆ ಹರಿಗೋಲು ನಂಬಿ ಹೊರಡಬೇಡಿ ಅಂತ ಇದೆಯಾ? ನಮ್ಮೂರನ್ನು ಸರಿಯಾಗಿ ನೋಡಿ ಬರೆಸಿದ ಪ್ರಕಾಶಕರು ಕ್ರೀಟನ್ನೂ ಹಾಗೇ ಬರೆಸಿರುತ್ತಾರೆ ಅನ್ನುವ ಧೈರ್ಯ ಬರುತ್ತದೆ. ಬರೆದವರು ಬೇರೆ ಇರಬಹುದು, ಆದರೆ ತಿದ್ದುವ ಮನೆ ಒಂದೇ.

ಹೊಸಪೇಟೆ ಅಂದಾಗ ನೆನಪಾಯಿತು. 2014ರ ತನಕ ಇಂಗ್ಲಿಷಿನಲ್ಲಿ ಅದನ್ನು ಹಾಸ್ಪೆಟ್ ಅಂತಲೇ ಬರೆಯುತ್ತಿದ್ದರು, ಹೊಸಬರಿಗೆ ಎರಡು ಊರು ಅಂತಲೇ ಅನಿಸುತ್ತಿತ್ತು. ಕ್ರೀಟ್‌ನಲ್ಲಿ ಆ ಗೊಂದಲ ಪ್ರತಿ ಊರಿಗೂ ಇದೆ. ಹನ್ಯಾವನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದು ಕಡೆ ‘ಸಿ ಎಚ್’ ಹಾಕಿ, ಇನ್ನೊಂದು ಕಡೆ ಬರೀ ‘ಎಚ್’ ಹಾಕಿ ಬರೆಯುತ್ತಾರೆ. ‘ಎಕ್ಸ್’ ಹಾಕಿದ್ದನ್ನೂ ನೋಡಿದ್ದೇನೆ. ಪುಸ್ತಕದ ಹಿಂದಿನ ಪದಸೂಚಿಯಲ್ಲಿ ಈ ರೂಪಗಳೆಲ್ಲ ಇರಬೇಕು, ಪಕ್ಕದಲ್ಲಿ ಗ್ರೀಕ್ ಲಿಪಿಯಲ್ಲೂ ಹೆಸರು ಇದ್ದರೆ ಬಹಳ ಒಳ್ಳೆಯದು. ಸಣ್ಣ ಹಳ್ಳಿಯ ಬಸ್ ನಿಲ್ದಾಣದಲ್ಲಿ ಪುಟವನ್ನೇ ತೋರಿಸಿ ಕೇಳಬಹುದು.

ಇಸವಿಯನ್ನೂ ನೋಡು. ಮರುಮುದ್ರಣದ ವರ್ಷ ಬೇರೆ, ತಿದ್ದಿದ ಆವೃತ್ತಿಯ ವರ್ಷ ಬೇರೆ. ಎಷ್ಟು ಹೊಸದಾದರೂ ಬಸ್ಸಿನ ವೇಳೆ, ಟಿಕೆಟ್ ದರಕ್ಕೆ ಪುಸ್ತಕ ನಂಬಬೇಡ, ಅದನ್ನು ಫೋನಿನಲ್ಲೇ ನೋಡಿಕೋ. ಅಲ್ಲಿನ ಊರೂರಿಗೆ ಹೋಗುವ ಬಸ್ಸುಗಳಿಗೆ ಕ್ತೆಲ್ ಅಂತ ಹೆಸರು.

ಊಟದ ವಿಷಯ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ. ನಿನ್ನ ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ‘ಸಸ್ಯಾಹಾರಿಗಳಿಗೆ ಸಲಾಡ್ ಸಿಗುತ್ತದೆ’ ಅಂತ ಮುಗಿಸಿಬಿಡುವ ಪುಸ್ತಕ ತೆಗೆದಿಟ್ಟುಬಿಡು. ಕ್ರೀಟ್‌ನಲ್ಲಿ ನಮ್ಮಂಥವರಿಗೆ ಬೇಕಾದಷ್ಟು ಇದೆ, ಹೆಸರು ಗೊತ್ತಿರಬೇಕು ಅಷ್ಟೇ. ಹೋರ್ತಾ ಅಂದರೆ ಬೇಯಿಸಿದ ಸೊಪ್ಪು, ಮೇಲೆ ಆಲಿವ್ ಎಣ್ಣೆ, ನಿಂಬೆರಸ. ಫಾವಾ ಅಂದರೆ ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿದ್ದು, ನಿನ್ನ ಅಮ್ಮ ಒಂದು ಚಮಚ ತಿಂದರೆ ಗಟ್ಟಿ ತೊವ್ವೆ ಅನ್ನುತ್ತಾಳೆ. ದಾಕೋಸ್ ಅಂದರೆ ಬಾರ್ಲಿಯ ಒಣ ರೊಟ್ಟಿಯ ಮೇಲೆ ಟೊಮೇಟೊ, ಚೀಸ್. ಅಲ್ಲಿನ ಕ್ರೈಸ್ತರು ಈಸ್ಟರ್‌ಗೆ ಮೊದಲು ಮತ್ತು ವರ್ಷದಲ್ಲಿ ಇನ್ನೂ ಎಷ್ಟೋ ದಿನ ಮಾಂಸ, ಮೊಟ್ಟೆ, ಹಾಲು ಬಿಟ್ಟು ವ್ರತದ ಊಟ ಮಾಡುತ್ತಾರೆ. ಅದಕ್ಕೆ ನಿಸ್ತಿಸಿಮೊ ಅನ್ನುತ್ತಾರೆ. ಈ ಒಂದು ಪದ ನಮಗೆ ಎಷ್ಟು ಉಪಕಾರ ಮಾಡಿತು! ಆದರೆ ಸಿಗಡಿ, ಸ್ಕ್ವಿಡ್‌ನಂಥದ್ದು ಆ ವ್ರತಕ್ಕೆ ನಡೆಯುತ್ತದೆ, ಆದ್ದರಿಂದ ಅದನ್ನು ಬೇರೆಯಾಗಿ ಕೇಳಬೇಕು. ‘ಹೋರಿಸ್ ಕ್ರೆಯಾಸ್’ ಅಂದರೆ ಮಾಂಸ ಇಲ್ಲದ್ದು, ‘ಹೋರಿಸ್ ಪ್ಸಾರಿ’ ಅಂದರೆ ಮೀನು ಇಲ್ಲದ್ದು, ‘ಹೋರಿಸ್ ಥಲಾಸಿನಾ’ ಅಂದರೆ ಸಿಗಡಿಯಂಥದ್ದು ಇಲ್ಲದ್ದು. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ದೊಲ್ಮಾದಾಕ್ಯಾಕ್ಕೆ ಕೆಲವು ಕಡೆ ಕೈಮಾ ಹಾಕುತ್ತಾರೆ ಅಂತ ಎಚ್ಚರಿಸುವ ಪುಸ್ತಕ ಸಿಕ್ಕರೆ ಅದರ ಊಟದ ಅಧ್ಯಾಯವನ್ನು ಅಮ್ಮನಿಗೇ ಓದಲು ಕೊಡು. ಅಕ್ಷರ ತೀರಾ ಸಣ್ಣದಿಲ್ಲದ್ದನ್ನು ನೋಡು, ಅವಳ ಕನ್ನಡಕ ಗೊತ್ತಲ್ಲ.

ಇರಾಕ್ಲಿಯೊ ಹತ್ತಿರದ ಕ್ನೊಸೊಸ್ ಎಂಬ ಪುರಾತನ ಅರಮನೆಯ ಪುಟದಲ್ಲಿ ಒಂದೇ ಒಂದು ವಿಷಯ ಹುಡುಕು. ಇಂಗ್ಲೆಂಡಿನ ಪುರಾತತ್ವಜ್ಞ ಆರ್ಥರ್ ಇವಾನ್ಸ್ 1900ರಿಂದ ಅಲ್ಲಿ ಅಗೆಸಿದರು, ಆಮೇಲೆ ಕಾಂಕ್ರೀಟ್ ಹಾಕಿ ಎಷ್ಟೋ ಭಾಗ ಮತ್ತೆ ಕಟ್ಟಿಸಿದರು. ಗೋಡೆಯ ಮೇಲಿನ ಚಿತ್ರಗಳು ನಕಲು, ಅಸಲಿ ತುಣುಕುಗಳು ಇರಾಕ್ಲಿಯೊದ ವಸ್ತುಸಂಗ್ರಹಾಲಯದಲ್ಲಿವೆ. ಯಾವುದು ಹಳೆಯದು, ಯಾವುದು ಇವಾನ್ಸ್ ಕಟ್ಟಿಸಿದ್ದು ಅಂತ ಕೋಣೆಕೋಣೆಗೆ ಹೇಳದಿದ್ದರೆ ಮೂರೂವರೆ ಸಾವಿರ ವರ್ಷದ ಹಿಂದಿನದು ಅಂದುಕೊಂಡು ನೂರು ವರ್ಷದ ಸಿಮೆಂಟಿನ ಕಂಬ ನೋಡಿ ಬರುತ್ತೀರಿ. ಫೆಸ್ಟೊಸ್ ಅಂತ ಇನ್ನೊಂದು ಹಳೆಯ ಅರಮನೆ ಇದೆ, ಅಲ್ಲಿ ಹಾಗೆ ಕಟ್ಟಲು ಹೋಗಿಲ್ಲ. ನನಗೆ ಅದೇ ಹೆಚ್ಚು ಇಷ್ಟವಾಯಿತು.

ಕೊನೆಗೆ ಕಂದಾನೊಸ್ ಎಂಬ ಹಳ್ಳಿಯ ಹೆಸರು ಪದಸೂಚಿಯಲ್ಲಿ ಇದೆಯಾ ನೋಡು. ಹನ್ಯಾದಿಂದ ದಕ್ಷಿಣದ ಪಾಲೆಯೊಹೊರಾಕ್ಕೆ ಹೋಗುವ ದಾರಿಯಲ್ಲಿದೆ. ನಮ್ಮ ಪುಸ್ತಕದಲ್ಲಿ ಅದು ನಕ್ಷೆಯ ಮೇಲಿನ ಒಂದು ಚುಕ್ಕೆ ಅಷ್ಟೇ ಆಗಿತ್ತು. ಬಸ್ಸು ನಿಂತಾಗ ಪಕ್ಕದಲ್ಲಿ ಕೂತಿದ್ದ ಹಿರಿಯರು ಕಿಟಕಿಯ ಹೊರಗೆ ಬೆರಳು ತೋರಿಸಿ, 1941 ಅಂತ ನನ್ನ ಅಂಗೈ ಮೇಲೆ ಬೆರಳಲ್ಲಿ ಬರೆದರು. ನನಗೆ ಏನೂ ಅರ್ಥವಾಗಲಿಲ್ಲ, ತಲೆ ಆಡಿಸಿದೆ. ಊರಿಗೆ ಬಂದ ಮೇಲೆ ಓದಿದೆ. 1941ರ ಮೇ ತಿಂಗಳಲ್ಲಿ ಜರ್ಮನ್ ಸೈನಿಕರು ಪ್ಯಾರಾಚೂಟ್‌ನಲ್ಲಿ ಕ್ರೀಟ್ ಮೇಲೆ ಇಳಿದರು. ಹಳ್ಳಿಯವರು ಕೈಗೆ ಸಿಕ್ಕಿದ್ದು ಹಿಡಿದು ಎದುರು ನಿಂತರು. ಜೂನ್ 3ರಂದು ಸೈನ್ಯ ಸೇಡಿಗಾಗಿ ಕಂದಾನೊಸ್ಸನ್ನು ಪೂರ್ತಿ ಸುಟ್ಟು ಕೆಡವಿತು, ಜನರನ್ನು ಕೊಂದಿತು, ಇಲ್ಲಿ ಒಂದು ಊರಿತ್ತು ಅಂತ ಫಲಕವನ್ನೂ ನೆಟ್ಟಿತು. ಆ ಹಿರಿಯರು ಆಗ ಚಿಕ್ಕ ಹುಡುಗ ಆಗಿದ್ದಿರಬೇಕು. ನಾನು ಅವರಿಗೆ ಕೈ ಮುಗಿಯಬೇಕಿತ್ತು ಅಂತ ಈಗಲೂ ಅನಿಸುತ್ತದೆ. ಪುಸ್ತಕದಲ್ಲಿ ಎರಡು ಸಾಲು ಇದ್ದಿದ್ದರೆ ಸಾಕಿತ್ತು.

ಈ ಪತ್ರದ ಜೊತೆ ನಮ್ಮ ಹಳೆಯ ನಕ್ಷೆ ಇಟ್ಟಿದ್ದೇನೆ. ಮಡಿಕೆಗಳಲ್ಲಿ ಹರಿದಿದೆ, ಮೆಲ್ಲಗೆ ಬಿಡಿಸು. ಕಣಿವೆಯಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತದೆ ಅಂತ ನಂಬಿಕೊಳ್ಳಬೇಡ, ಕಾಗದ ಕೈಯಲ್ಲಿರಲಿ. ಅಯಿಯಾ ರೂಮೆಲಿಯ ಹತ್ತಿರ ಪೆನ್ಸಿಲ್ಲಿನಲ್ಲಿ ಒಂದು ಸಣ್ಣ ಮನೆ ಬರೆದದ್ದು ಕಾಣುತ್ತದೆ. ದೊಡ್ಡಪ್ಪ ಬರೆದದ್ದು, ಆ ಅಜ್ಜಿಯ ಮನೆ. ಅಮ್ಮನ ಮಾತ್ರೆಗಳು ಯಾವಾಗಲೂ ನಿನ್ನ ಹೆಗಲ ಚೀಲದಲ್ಲೇ ಇರಲಿ. ಪುಸ್ತಕ ತೆಗೆದುಕೊಂಡ ದಿನ ಫೋನ್ ಮಾಡು, ಸಮರಿಯಾದ ಪುಟ ನನಗೂ ಓದಿ ಹೇಳು.

ನಿನ್ನ
ದೊಡ್ಡಮ್ಮ