ವಿಪಿಎನ್‌ಗಾಗಿ ಫೈರ್‌ವಾಲ್ ಆಫ್ ಮಾಡಿಸಬೇಡಿ

ಮಾನ್ಯ ಸಂಪಾದಕರೇ,

ಅಮ್ಮನ ಮಂಡಿ ಆಪರೇಷನ್ ಆದ ಮೇಲೆ ಬೆಂಗಳೂರು ಬಿಟ್ಟು ವಿಜಯಪುರಕ್ಕೆ ಬಂದಿದ್ದೇನೆ. ಕಂಪನಿಯ ಲೆಕ್ಕಪತ್ರದ ಕೆಲಸ ಈಗ ಮನೆಯಿಂದಲೇ. ಫೈಲುಗಳೆಲ್ಲ ಆಫೀಸಿನ ಸರ್ವರ್‌ನಲ್ಲಿವೆ. ಅಲ್ಲಿಗೆ ಹೋಗಲು ವಿಪಿಎನ್, ಅಂದರೆ ಇಂಟರ್ನೆಟ್ ಮೂಲಕ ಆಫೀಸಿನ ನೆಟ್‌ವರ್ಕಿಗೆ ಸುರಕ್ಷಿತವಾಗಿ ಸೇರಿಸುವ ದಾರಿ, ಬೇಕೇ ಬೇಕು.

ಮೊದಲ ದಿನವೇ ಅದು ಕೈಕೊಟ್ಟಿತು. ‘ಕನೆಕ್ಟಿಂಗ್’ ಅಂತ ತಿರುಗುತ್ತಲೇ ಇತ್ತು. 60 ಸೆಕೆಂಡ್ ಆದ ಮೇಲೆ ‘ಟಿಎಲ್‌ಎಸ್ ಕೀ ನೆಗೋಶಿಯೇಶನ್ ಫೇಲ್ಡ್’ ಅನ್ನುವ ಸಾಲು ಬಂತು, ಅಂದರೆ ಸರ್ವರ್ ಜೊತೆ ಸಂಪರ್ಕ ಆಗಲಿಲ್ಲ ಅಂತ. ಅದೇ ವೈಫೈನಲ್ಲಿ ಮೊಬೈಲಿನಿಂದ ವಿಪಿಎನ್ ಸಲೀಸಾಗಿ ಸೇರುತ್ತಿತ್ತು. ಅಂದರೆ ತೊಂದರೆ ಲ್ಯಾಪ್‌ಟಾಪಿನದೇ, ಅಲ್ವಾ? ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿದೆ. ‘ಮೇಡಂ, ಫೈರ್‌ವಾಲ್ ಆಫ್ ಮಾಡಿ’ ಅಂದರು. ಲ್ಯಾಪ್‌ಟಾಪಿನ ಒಳಗೆ ಬರುವ, ಹೊರಗೆ ಹೋಗುವ ಸಂಪರ್ಕಗಳನ್ನು ನೋಡಿ ಬೇಡದ್ದನ್ನು ತಡೆಯುವ ಕಾವಲುಗಾರ ಅದು. ವಿಂಡೋಸ್‌ನದು, ಆ್ಯಂಟಿವೈರಸ್ ಜೊತೆ ಬಂದದ್ದು, ಎರಡನ್ನೂ ಆಫ್ ಮಾಡಿಸಿದರು. ವಿಪಿಎನ್ ಸೇರಿತು. ಮತ್ತೆ ಆನ್ ಮಾಡಿ ಅಂತ ಯಾರೂ ಹೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಮೂರು ವಾರ ಕಳೆಯಿತು. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಹತ್ತಿರದ ಸ್ಟಡಿ ಸೆಂಟರಿಗೆ ಹೋಗಿ ಕೂತೆ. ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವ ಇಪ್ಪತ್ತು ಹುಡುಗರು, ಎಲ್ಲರಿಗೂ ಒಂದೇ ವೈಫೈ. ಪಕ್ಕದ ಹುಡುಗ ತನ್ನ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ ಮೆಲ್ಲಗೆ ಕೇಳಿದ, ‘ಅಕ್ಕಾರ, ಈ ಸ್ಯಾಲರಿ ಅನ್ನೋ ಫೋಲ್ಡರ್ ನಿಮ್ಮದೇನ್ರಿ? ನನ್ನ ಕಂಪ್ಯೂಟರಿನ್ಯಾಗ ಕಾಣಾಕತ್ತೈತ್ರಿ.’

ಎದೆ ಧಸಕ್ಕೆಂದಿತು. ತಮ್ಮನ ಕಂಪ್ಯೂಟರಿನಿಂದ ಪ್ರಿಂಟ್ ತೆಗೆಯಲು ಅಂತ ಮನೆಯಲ್ಲಿ ಆ ಫೋಲ್ಡರ್ ಶೇರ್ ಮಾಡಿದ್ದೆ, ಪಾಸ್‌ವರ್ಡ್ ಇಲ್ಲದೆ. ಅದರಲ್ಲಿ ನಲವತ್ತು ಜನರ ಹೆಸರು, ಸಂಬಳ, ಬ್ಯಾಂಕ್ ಖಾತೆ ನಂಬರ್ ಇದ್ದವು. ಫೈರ್‌ವಾಲ್ ಆನ್ ಇದ್ದು, ಆ ವೈಫೈಯನ್ನು ‘ಪಬ್ಲಿಕ್’ ಅಂತ ಆರಿಸಿದ್ದರೆ ಅದು ಅವನಿಗೆ ಕಾಣುತ್ತಲೇ ಇರಲಿಲ್ಲ. ತೆರೆಯದೆ ನನಗೆ ಹೇಳಿದನಲ್ಲ, ಆ ಹುಡುಗನ ಋಣ ದೊಡ್ಡದು.

ಅವತ್ತೇ ರಾತ್ರಿ ನೆಟ್‌ವರ್ಕ್ ಕೆಲಸ ಬಲ್ಲ ಹಳೆಯ ಸಹೋದ್ಯೋಗಿಯೊಬ್ಬರು ಫೋನಿನಲ್ಲೇ ದಾರಿ ತೋರಿಸಿದರು. ಮೊದಲು ಎರಡೂ ಫೈರ್‌ವಾಲ್ ಆನ್ ಮಾಡಿಸಿದರು. ಆಮೇಲೆ ಆ್ಯಂಟಿವೈರಸ್‌ನ ಪಟ್ಟಿ ನೋಡಿದರೆ ವಿಪಿಎನ್ ಪ್ರೋಗ್ರಾಮ್ ಮುಂದೆ ‘ಬ್ಲಾಕ್’ ಅಂತ ಇತ್ತು. ಮೊದಲ ಸಲ ತೆರೆದಾಗ ‘ಅಲೋ’, ‘ಬ್ಲಾಕ್’ ಅಂತ ಕೇಳಿದ್ದಕ್ಕೆ ಗಡಿಬಿಡಿಯಲ್ಲಿ ನಾನೇ ಒತ್ತಿದ್ದೆ. ಅದನ್ನು ‘ಅಲೋ’ ಮಾಡಿದೆ. ನಮ್ಮದು ಓಪನ್‌ವಿಪಿಎನ್ ಅನ್ನುವ ಬಗೆಯ ವಿಪಿಎನ್. ಹೊರಗೆ ಹೋಗಲು ಯುಡಿಪಿ 1194 ಪೋರ್ಟಿಗೆ ಅನುಮತಿ ಕೊಟ್ಟೆ (ಯುಡಿಪಿ ಅಂದರೆ ಮಾಹಿತಿ ಕಳಿಸುವ ಒಂದು ವಿಧಾನ, ಪೋರ್ಟ್ ಅಂದರೆ ಅದು ಹಾಯುವ ನಂಬರ್ ಇರುವ ಬಾಗಿಲು). ಅಷ್ಟೇ. ಹತ್ತು ನಿಮಿಷದ ಕೆಲಸ.

ಎಲ್ಲರ ವಿಪಿಎನ್‌ಗೂ ಇದೇ ನಂಬರ್ ಅಲ್ಲ. ಐಪಿಸೆಕ್ ಆದರೆ ಯುಡಿಪಿ 500 ಮತ್ತು 4500, ವೈರ್‌ಗಾರ್ಡ್ ಆದರೆ ಸಾಮಾನ್ಯವಾಗಿ 51820. ಕೆಲವು ಲಾಡ್ಜ್, ಕಾಲೇಜುಗಳ ವೈಫೈನಲ್ಲಿ ಯುಡಿಪಿಯನ್ನೇ ತಡೆದಿರುತ್ತಾರೆ. ಅಲ್ಲಿ ಓಪನ್‌ವಿಪಿಎನ್ ಅನ್ನು ಟಿಸಿಪಿ ಅನ್ನುವ ಇನ್ನೊಂದು ವಿಧಾನದ 443ನೇ ಪೋರ್ಟಿನಲ್ಲಿ ನಡೆಸಬಹುದು. ಆದರೆ ಸರ್ವರ್ ಕಡೆಯಲ್ಲೂ ಹಾಗೆ ಹೊಂದಿಸಬೇಕು, ಅದು ಆಫೀಸಿನವರ ಕೆಲಸ.

ಈಗ ನಮ್ಮೂರಿನಲ್ಲೂ ಮನೆಯಿಂದ ಕೆಲಸ ಮಾಡುವವರು ಜಾಸ್ತಿ. ಅವರಲ್ಲಿ ನನ್ನಂತೆ ಕಂಪ್ಯೂಟರ್ ಓದದವರೂ ಇದ್ದಾರೆ. ನಾವು ಹೆಲ್ಪ್‌ಡೆಸ್ಕ್ ಹೇಳಿದ್ದನ್ನು ನಂಬಿ ಮಾಡುತ್ತೇವೆ. ಯಾವ ಪ್ರೋಗ್ರಾಮ್, ಯಾವ ಪೋರ್ಟ್, ಎಲ್ಲಿ ಒತ್ತಬೇಕು ಅಂತ ಕನ್ನಡದಲ್ಲಿ ಒಂದು ಪುಟ ಬರೆದು ಲ್ಯಾಪ್‌ಟಾಪ್ ಜೊತೆಗೇ ಕೊಡಿ ಅಂತ ಕಂಪನಿಗಳನ್ನು ಕೇಳಿಕೊಳ್ಳುತ್ತೇನೆ. ತೊಂದರೆ ಎಲ್ಲಿದೆ ಅಂತ ನೋಡಲು ಎರಡು ನಿಮಿಷ ಫೈರ್‌ವಾಲ್ ಆಫ್ ಮಾಡಿಸಿದರೂ, ಫೋನ್ ಇಡುವ ಮೊದಲು ಆನ್ ಮಾಡಿಸಿ.

ನಮ್ಮ ಹೆಲ್ಪ್‌ಡೆಸ್ಕಿಗೂ ಇದನ್ನೇ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

– ಒಬ್ಬ ಓದುಗಿ, ಜಲನಗರ, ವಿಜಯಪುರ