ಪಂಪ್ ಕೊಳ್ಳುವ ಮುಂಚೆ, ಹಾಲು ತೆಗೆದಿಡುವ ಮುಂಚೆ

ಎಲ್ಲರಿಗೂ ನಮಸ್ಕಾರ. ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹೊರಟವರು ಎದೆಹಾಲು ತೆಗೆಯುವ ಪಂಪ್ ಬಗ್ಗೆ ಕೇಳ್ತಾನೇ ಇದ್ದೀರಿ, ಅದಕ್ಕೆ ಈ ಸೂಚನೆ.

ಅಪರೂಪಕ್ಕೊಮ್ಮೆ ಹಾಲು ತೆಗೆಯೋದಾದರೆ ಕೈಯಲ್ಲಿ ಒತ್ತುವ ಪಂಪ್ ಸಾಕು. ಸುಮ್ನೆ ಜಾಸ್ತಿ ದುಡ್ಡು ಹಾಕಬೇಡಿ. ದಿನವೂ ಆಫೀಸಿನಲ್ಲಿ ತೆಗೆಯುವವರಿಗೆ ಎರಡೂ ಕಡೆ ಒಟ್ಟಿಗೆ ಎಳೆಯುವ, ಚಾರ್ಜ್ ಆಗುವ ಎಲೆಕ್ಟ್ರಿಕ್ ಪಂಪ್ ಒಳ್ಳೆಯದು. ಬೆಲೆಗಿಂತ ಮುಖ್ಯವಾದದ್ದು ಎದೆಗೆ ಹಿಡಿಯುವ ಫನಲ್ ಅಳತೆ. ತೊಟ್ಟು ಕೊಳವೆಯೊಳಗೆ ಸರಾಗವಾಗಿ ಹೋಗಿ ಬರಬೇಕು. ಬದಿಗೆ ಉಜ್ಜಿದರೆ ಫನಲ್ ಚಿಕ್ಕದು, ಸುತ್ತಲಿನ ಕಪ್ಪು ಭಾಗ ತುಂಬಾ ಒಳಗೆ ಹೋದರೆ ದೊಡ್ಡದು. ನೋವು ಸಹಿಸಿಕೊಂಡು ಮುಂದುವರಿಸಬೇಡಿ, ದಯವಿಟ್ಟು.

ಹೊಸದಾಗಿ ತೆಗೆದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ಫ್ರೀಜರ್‌ನಲ್ಲಾದರೆ 6 ತಿಂಗಳೊಳಗೆ ಬಳಸಿ. ಕಲಬುರಗಿ, ರಾಯಚೂರಿನವರು ಬೇಸಿಗೆಯಲ್ಲಿ ಆ 4 ಗಂಟೆಯನ್ನು ನಂಬಲೇಬೇಡಿ, ತಕ್ಷಣ ಫ್ರಿಜ್‌ಗೆ ಇಡಿ. ಬಾಗಿಲಲ್ಲಿ ಅಲ್ಲ, ಒಳಗೆ ಹಿಂಭಾಗದಲ್ಲಿ. ಒಂದೊಂದು ಡಬ್ಬಿಗೆ 60ರಿಂದ 100 ಎಂಎಲ್ ಹಾಕಿ, ತಾರೀಖು ಬರೆಯಿರಿ.

ಮೇಲೆ ಕೆನೆ ಕಟ್ಟಿದರೆ ಹಾಲು ಕೆಟ್ಟಿತು ಅಂತ ಅಜ್ಜಿಯರು ಚೆಲ್ಲಿಬಿಡುತ್ತಾರೆ, ಮೊದಲೇ ಹೇಳಿಡಿ. ಮೆಲ್ಲಗೆ ಅಲುಗಾಡಿಸಿದರೆ ಬೆರೆಯುತ್ತದೆ. ಒಲೆ ಮೇಲೆ ಕಾಯಿಸೋದು, ಮೈಕ್ರೋವೇವ್ ಎರಡೂ ಬೇಡ. ಡಬ್ಬಿಯನ್ನು ಬೆಚ್ಚನೆ ನೀರಿನಲ್ಲಿಟ್ಟರೆ ಆಯ್ತು. ಕರಗಿದ ಹಾಲನ್ನು ಮತ್ತೆ ಫ್ರೀಜರ್‌ಗೆ ಹಾಕಬೇಡಿ. ಮಗು ಕುಡಿದು ಬಿಟ್ಟದ್ದನ್ನು 2 ಗಂಟೆ ಕಳೆದ ಮೇಲೆ ಚೆಲ್ಲಿ.

ಈ ಲೆಕ್ಕವೆಲ್ಲ ತಿಂಗಳು ತುಂಬಿ ಹುಟ್ಟಿದ, ಆರೋಗ್ಯವಾಗಿರುವ ಮಕ್ಕಳಿಗೆ. ಮೊದಲೇ ಹುಟ್ಟಿದ ಅಥವಾ ಆಸ್ಪತ್ರೆಯಲ್ಲಿರುವ ಕಂದಮ್ಮಗಳಿಗೆ ಡಾಕ್ಟರ್ ಹೇಳಿದ ಹಾಗೇ ಮಾಡಿ.